ಗಡುವಿನ ಲೆಕ್ಕವನ್ನು ಬಿಡಿಸಿ ತೋರಿಸಿ: ಗದಗಿನ ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಆತ್ಮೀಯರೇ,

ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್ (ಕೆಲಸಗಳನ್ನು ಗಡುವಿನೊಳಗೆ ಮುಗಿಸಬೇಕಾದ ವ್ಯವಸ್ಥೆ) ನಿಗದಿತ ಅಂತರದಲ್ಲಿ ಮರಳುವ ತನ್ನ ಕೆಲಸಗಳಿಗೆ ಸರದಿ ಗೊತ್ತುಮಾಡುವ ಬಗೆಯನ್ನು ಕುರಿತು ನೀವು ಗದಗದಿಂದ ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಬರುವುದಿಲ್ಲ. ಆದರೆ ಅದನ್ನು ಕೈಬಿಡಲೂ ನನಗೆ ಮನಸ್ಸಿಲ್ಲ. ಬೆಟಗೇರಿಯ ವಿದ್ಯುತ್ ಮಗ್ಗಕ್ಕೆಂದು ನೀವು ಕಲ್ಪಿಸಿದ ನಿಯಂತ್ರಕದ ಉದಾಹರಣೆ ಅಷ್ಟು ಚೆನ್ನಾಗಿದೆ. ಅದು ಕೊನೆಯ ಪುಟದಲ್ಲಿ ಬರುತ್ತದೆ. ಅದಕ್ಕೂ ಮುಂಚಿನ ಪುಟಗಳನ್ನೆಲ್ಲ ಗಣಕಯಂತ್ರದ ಇತಿಹಾಸ ನುಂಗಿದೆ. ಆ ಇತಿಹಾಸವನ್ನು ಪೂರ್ತಿ ತೆಗೆದು, ಮಗ್ಗದಿಂದಲೇ ಆರಂಭಿಸಿ. ಹಾಸುನೂಲಿನ ಎಳೆ ಹರಿದಾಗ ಮಗ್ಗ ತಕ್ಷಣ ನಿಲ್ಲದಿದ್ದರೆ ಬಟ್ಟೆ ಕೆಡುತ್ತದೆಂಬುದನ್ನು ನಮ್ಮ ಭಾಗದ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಮುಖ್ಯ ದೋಷಕ್ಕೆ ಬರುತ್ತೇನೆ. ನಿಮ್ಮ ನಿಯಂತ್ರಕವು ಪ್ರತಿ 40 ಮಿಲಿಸೆಕೆಂಡಿಗೊಮ್ಮೆ ನೂಲಿನ ಬಿಗಿತವನ್ನು ಅಳೆಯುತ್ತದೆ, ಅದಕ್ಕೆ 20 ಮಿಲಿಸೆಕೆಂಡು ಬೇಕು. ಪ್ರತಿ 60 ಮಿಲಿಸೆಕೆಂಡಿಗೊಮ್ಮೆ ಮೋಟಾರಿನ ವೇಗವನ್ನು ಹೊಂದಿಸುತ್ತದೆ, ಅದಕ್ಕೆ 25 ಬೇಕು. ಪ್ರತಿ ಕೆಲಸವೂ ತನ್ನ ಮುಂದಿನ ಸರದಿ ಬರುವುದರೊಳಗೆ ಮುಗಿಯಬೇಕು, ಅದೇ ಅದರ ಗಡುವು. ಎರಡೂ ಸೇರಿ ಪ್ರೊಸೆಸರಿನ ಸುಮಾರು ಶೇ. 92ರಷ್ಟು ಸಮಯವನ್ನು ಮಾತ್ರ ಬಳಸುವುದರಿಂದ ಗಡುವು ತಪ್ಪುವ ಭಯವಿಲ್ಲ ಎಂದು ಬರೆದಿದ್ದೀರಿ. ಈ ಮಾತು ತಪ್ಪು, ಮತ್ತು ಲೇಖನದ ಉಳಿದ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಎರಡೂ ಕೆಲಸಗಳು ಒಂದೇ ಕ್ಷಣದಲ್ಲಿ ಎದ್ದವೆಂದು ಭಾವಿಸಿ. ಸ್ಥಿರ ಆದ್ಯತೆಯ ವ್ಯವಸ್ಥೆಯಲ್ಲಿ, ಅಂದರೆ ಪ್ರತಿ ಕೆಲಸದ ಆದ್ಯತೆಯನ್ನು ಮೊದಲೇ ಗೊತ್ತುಮಾಡಿ ಬದಲಿಸದ ವ್ಯವಸ್ಥೆಯಲ್ಲಿ, ಅದೇ ಅತ್ಯಂತ ಕಠಿಣ ಸನ್ನಿವೇಶ. ಮೋಟಾರು ಹೆಚ್ಚು ಮುಖ್ಯವೆಂಬ ಕಾರಣಕ್ಕೆ ನೀವು ಅದಕ್ಕೆ ಮೇಲಿನ ಆದ್ಯತೆ ಕೊಟ್ಟಿದ್ದೀರಿ. ಹಾಗೆ ಮಾಡಿದರೆ ಬಿಗಿತದ ಅಳತೆ 25ಕ್ಕೆ ಆರಂಭವಾಗಿ 45ಕ್ಕೆ ಮುಗಿಯುತ್ತದೆ, ಅದರ ಗಡುವು ಇದ್ದದ್ದು 40. ಆದ್ಯತೆಗೂ ಕೆಲಸದ ಮಹತ್ವಕ್ಕೂ ಇಲ್ಲಿ ಸಂಬಂಧವಿಲ್ಲ. ಬೇಗ ಬೇಗ ಮರಳುವ ಕೆಲಸಕ್ಕೆ ಮೇಲಿನ ಆದ್ಯತೆ ಕೊಡಬೇಕೆಂಬುದು ರೇಟ್ ಮೊನೊಟೋನಿಕ್ ನಿಯಮ. ಆದರೆ ಆ ನಿಯಮವನ್ನು ಪಾಲಿಸಿದರೂ ನಿಮ್ಮ ನಿಯಂತ್ರಕ ಉಳಿಯುವುದಿಲ್ಲ. ಬಿಗಿತದ ಅಳತೆ 20ಕ್ಕೆ ಮುಗಿಯುತ್ತದೆ, ಮೋಟಾರಿನ ಕೆಲಸ 40ರವರೆಗೆ ನಡೆದು, ಇನ್ನೂ 5 ಮಿಲಿಸೆಕೆಂಡಿನ ಕೆಲಸ ಉಳಿದಿರುವಾಗಲೇ ಎರಡನೆಯ ಅಳತೆ ಬಂದು ಅದನ್ನು ಬದಿಗೆ ಸರಿಸುತ್ತದೆ. 60ಕ್ಕೆ ಮುಗಿಯಬೇಕಾದದ್ದು 65ಕ್ಕೆ ಮುಗಿಯುತ್ತದೆ. ಇರುವುದು ಎರಡೇ ಕ್ರಮ, ಎರಡರಲ್ಲೂ ಗಡುವು ತಪ್ಪುತ್ತದೆ. ಗಡುವು ಸಮೀಪಿಸಿದ ಕೆಲಸವನ್ನು ಮೊದಲು ಓಡಿಸುವ ಇಡಿಎಫ್ ಕ್ರಮದಲ್ಲಿ ಮಾತ್ರ ಇದೇ ಕೆಲಸಗಳು ಸಮಯದೊಳಗೆ ಸಲೀಸಾಗಿ ಮುಗಿಯುತ್ತವೆ, ಒಟ್ಟು ಬಳಕೆ ಶೇ. 100 ಮೀರದಿದ್ದರೆ ಸಾಕೆಂಬ ಮಿತಿ ಸಲ್ಲುವುದು ಆ ಕ್ರಮಕ್ಕೆ.

ಸಂಶೋಧಕರಾದ ಲಿಯು ಮತ್ತು ಲೇಲ್ಯಾಂಡ್ 1973ರಲ್ಲಿ ಕೊಟ್ಟ ಮಿತಿಯ ಪ್ರಕಾರ, ರೇಟ್ ಮೊನೊಟೋನಿಕ್ ನಿಯಮದಂತೆ ಕೊಟ್ಟ ಸ್ಥಿರ ಆದ್ಯತೆಯಲ್ಲಿ ಎರಡು ಕೆಲಸಗಳ ಒಟ್ಟು ಹೊರೆ (ಅವು ಬಳಸುವ ಪ್ರೊಸೆಸರ್ ಸಮಯ) ಶೇ. 82.8ರ ಒಳಗಿದ್ದರೆ ಗಡುವು ತಪ್ಪದೆಂಬ ಖಾತರಿಯಿದೆ. ಕೆಲಸಗಳ ಸಂಖ್ಯೆ ಬೆಳೆದಂತೆ ಅದು ಶೇ. 69.3ರತ್ತ ಇಳಿಯುತ್ತದೆ. ಮಿತಿ ಮೀರಿದ ಮಾತ್ರಕ್ಕೆ ಸೋಲು ಖಂಡಿತವೆಂದು ಮಾತ್ರ ಬರೆಯಬೇಡಿ. ಮೋಟಾರಿನ ಲೆಕ್ಕಾಚಾರವನ್ನು 20 ಮಿಲಿಸೆಕೆಂಡಿಗೆ ಇಳಿಸಿ ನೋಡಿ: ಹೊರೆ ಶೇ. 83.3 ಆಗಿ ಮಿತಿಯನ್ನು ದಾಟುತ್ತದೆ, ಆದರೂ ಎರಡೂ ಕೆಲಸಗಳು ಸಮಯಕ್ಕೆ ಮುಗಿಯುತ್ತವೆ. ಇಂಥ ಸಂದರ್ಭದಲ್ಲಿ ಪ್ರತಿ ಕೆಲಸ ಮುಗಿಯುವ ಗರಿಷ್ಠ ಸಮಯವನ್ನೇ ಎಣಿಸಿ ತೀರ್ಮಾನಿಸಬೇಕು. ಆ ಎಣಿಕೆಯ ದಾರಿಯನ್ನು ಗಣಕ ವಿಜ್ಞಾನಿಗಳಾದ ಮಥಾಯ್ ಜೋಸೆಫ್ ಮತ್ತು ಪರಿತೋಷ್ ಪಾಂಡ್ಯ 1986ರಲ್ಲಿ ತೋರಿಸಿದರು. ಇದನ್ನು ನಿಮ್ಮ ಲೇಖನದಲ್ಲಿ ಕಾಣಲು ನನಗೆ ತುಂಬ ಆಸೆಯಿದೆ.

ನಿಮ್ಮ ಕೋಡಿನ ತುಣುಕಿನಲ್ಲೂ ಒಂದು ತಿದ್ದುಪಡಿ ಆಗಬೇಕು. ಅಳತೆ ಮುಗಿದ ಮೇಲೆ 40 ಮಿಲಿಸೆಕೆಂಡು ಮಲಗುವಂತೆ, ಇಂಥದೇ ಒಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಆರ್‌ಟಿಒಎಸ್‌ನ ‘ಟಾಸ್ಕ್ ಡಿಲೇ’ ಬಳಸಿದ್ದೀರಿ. ಕೆಲಸದ 20 ಮತ್ತು ನಿದ್ದೆಯ 40 ಸೇರಿ, ಬೇರೆ ಯಾವ ಅಡಚಣೆ ಇಲ್ಲದಿದ್ದರೂ ಅದು 60ಕ್ಕೊಮ್ಮೆ ಓಡುತ್ತದೆ. ಹಿಂದಿನ ಎಚ್ಚರದ ಕ್ಷಣದಿಂದ ಎಣಿಸುವ ‘ಟಾಸ್ಕ್ ಡಿಲೇ ಅಂಟಿಲ್’ ಇಲ್ಲಿ ಬೇಕು.

ತಿದ್ದಿದ ಪ್ರತಿಯೊಂದಿಗೆ 0ಯಿಂದ 120 ಮಿಲಿಸೆಕೆಂಡಿನವರೆಗಿನ ಕಾಲರೇಖೆಯ ಚಿತ್ರಗಳನ್ನೂ ಕಳುಹಿಸಿ, ಸ್ಥಿರ ಆದ್ಯತೆಗೆ ಒಂದು, ಇಡಿಎಫ್‌ಗೆ ಇನ್ನೊಂದು. 40 ಮತ್ತು 60ರ ಸರದಿ 120ಕ್ಕೆ ಮತ್ತೆ ಒಟ್ಟಿಗೆ ಬರುವುದರಿಂದ ಅಷ್ಟು ಉದ್ದದ ಚಿತ್ರ ಸಾಕು.

ವಿಶ್ವಾಸದಿಂದ,
ಸಂಪಾದಕ, ಧಾರವಾಡ