‘ಕೊಲೆಗಾರನನ್ನು ಹಿಡಿದ ಹುಳು’: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

1935ರ ರಕ್ಸ್‌ಟನ್ ಕೊಲೆ ಪ್ರಕರಣದ ಕುರಿತ, ಅಂದರೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ಊರಿನ ವೈದ್ಯನೊಬ್ಬ ಸಂಗಾತಿ ಇಸಾಬೆಲ್ಲಾಳನ್ನೂ ಮಕ್ಕಳ ದಾದಿಯನ್ನೂ ಕೊಂದ ಪ್ರಕರಣದ ಕುರಿತ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಕೈಬಿಡಲು ಮನಸ್ಸಿಲ್ಲದ ಕಾರಣ ಬಿಡಿಸಿ ಬರೆಯುತ್ತಿದ್ದೇನೆ.

‘ಹುಳುಗಳೇ ಕೊಲೆಗಾರನ ಹೆಸರು ಹೇಳಿದವು’ ಎಂದಿದ್ದೀರಿ. ಹೇಳಲಿಲ್ಲ. ಸ್ಕಾಟ್ಲೆಂಡಿನ ಮಾಫಟ್ ಬಳಿಯ ಕಂದರದಲ್ಲಿ ಸೆಪ್ಟೆಂಬರ್ 29ರಂದು ಸಿಕ್ಕ ದೇಹದ ತುಂಡುಗಳಲ್ಲಿದ್ದ ನೀಲಿ ನೊಣದ ಹುಳುಗಳನ್ನು ಗ್ಲಾಸ್ಗೋದ ಡಾ. ಅಲೆಕ್ಸಾಂಡರ್ ಮರ್ನ್ಸ್ ಪರೀಕ್ಷಿಸಿ, ಅವಕ್ಕೆ 12ರಿಂದ 14 ದಿನ ವಯಸ್ಸಾಗಿದೆ ಎಂದರು. ಅಂದರೆ ಸಾವು ಅದಕ್ಕಿಂತ ಈಚಿನದಲ್ಲ. ಹುಳು ಹೇಳಿದ್ದು ಅಷ್ಟು. ಲ್ಯಾಂಕಾಸ್ಟರ್‌ ಕಡೆಗೆ ಪೊಲೀಸರನ್ನು ಕರೆದೊಯ್ದದ್ದು, ತುಂಡುಗಳನ್ನು ಸುತ್ತಿದ್ದ ‘ಸಂಡೇ ಗ್ರಾಫಿಕ್’ ಪತ್ರಿಕೆ. ಸೆಪ್ಟೆಂಬರ್ 15ರ ಆ ವಿಶೇಷ ಮುದ್ರಣ ಮಾರಾಟವಾದದ್ದು ಆ ಸೀಮೆಯಲ್ಲಿ ಮಾತ್ರ. ಸತ್ತವರು ಯಾರೆಂದು ತಿಳಿಯಲು ನೆರವಾದದ್ದು ಬೆರಳಚ್ಚು, ಮತ್ತು ಬುರುಡೆಯ ಚಿತ್ರವನ್ನು ಇಸಾಬೆಲ್ಲಾ ರಕ್ಸ್‌ಟನ್ನರ ಭಾವಚಿತ್ರದೊಂದಿಗೆ ಹೊಂದಿಸಿ ನೋಡಿದ ವಿಧಾನ. ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ!

‘ಹುಳುವಿನ ಲೆಕ್ಕ ಎಂದೂ ತಪ್ಪದು’ ಎಂಬ ಮಾತನ್ನು ತೆಗೆಯಿರಿ. ಹುಳು ಬೆಳೆಯುವುದು ಕಾವಿಗೆ ತಕ್ಕಂತೆ. ಚಳಿಯಲ್ಲಿ ನಿಧಾನ, ಸೆಕೆಯಲ್ಲಿ ಬೇಗ. ಒತ್ತಾಗಿ ಗುಂಪುಗೂಡಿದರೆ ತಮ್ಮದೇ ಬಿಸಿಯಿಂದ ಇನ್ನೂ ಬೇಗ. ನೊಣ ರಾತ್ರಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಮಳೆ ಹಿಡಿದರೂ, ಹೆಣವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದರೂ ತಡವಾಗುತ್ತದೆ. ಆದ್ದರಿಂದಲೇ ಇಂದಿನ ತಜ್ಞರು ಹತ್ತಿರದ ಹವಾಮಾನ ಕೇಂದ್ರದಿಂದ ಉಷ್ಣಾಂಶದ ದಾಖಲೆ ತರಿಸಿಕೊಳ್ಳುತ್ತಾರೆ. ಸಿಕ್ಕ ಹುಳುಗಳಲ್ಲಿ ಕೆಲವನ್ನು ಬಿಸಿನೀರಿನಲ್ಲಿ ಕೊಂದು ಆಲ್ಕೋಹಾಲಿನಲ್ಲಿಡುತ್ತಾರೆ. ಉಳಿದವನ್ನು ಸಾಕಿ, ನೊಣವಾಗಿ ಹೊರಬಂದ ಮೇಲೆ ಜಾತಿಯನ್ನು ಖಚಿತಪಡಿಸಿಕೊಳ್ಳುತ್ತಾರೆ.

ಓದುಗರಿಗೆ ಹುಳುವನ್ನೇ ತೋರಿಸಿ. ಅದರ ಹಿಂತುದಿಯಲ್ಲಿ ಉಸಿರಾಟಕ್ಕೆ ಎರಡು ಕಂದು ಚುಕ್ಕೆಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡನೆಯ ಹಂತದ ಹುಳುವಿಗೆ ಪ್ರತಿ ಚುಕ್ಕೆಯಲ್ಲೂ ಎರಡು ಸೀಳು, ಪೊರೆ ಕಳಚಿ ಮೂರನೆಯ ಹಂತಕ್ಕೆ ಬಂದರೆ ಮೂರು. ಸೀಳುಗಳನ್ನು ಎಣಿಸಿ ಹಂತ ಹೇಳುವ ಈ ಕೆಲಸ ನೀವು ಪುಟಗಟ್ಟಲೆ ಬರೆದಿರುವ ದುರ್ವಾಸನೆಯ ವರ್ಣನೆಗಿಂತ ಎಷ್ಟೋ ರೋಚಕ. ಆ ವರ್ಣನೆಯನ್ನು ಪೂರ್ತಿ ಹೊಡೆದುಹಾಕಿದ್ದೇನೆ.

‘ನಮ್ಮ ನ್ಯಾಯಾಲಯಗಳಲ್ಲಿ ಇದಕ್ಕೆ ಜಾಗವಿಲ್ಲ’ ಎಂಬುದೂ ತಪ್ಪು. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಡಿ ವಿಜ್ಞಾನದ ವಿಷಯದಲ್ಲಿ ತಜ್ಞರ ಅಭಿಪ್ರಾಯಕ್ಕೆ ಅವಕಾಶವಿದೆ.

ನನ್ನನ್ನು ಹೆಚ್ಚು ನೋಯಿಸಿದ್ದು ಇನ್ನೊಂದು. ಡಾ. ಬಕ್ ರಕ್ಸ್‌ಟನ್ ಮುಂಬಯಿಯಲ್ಲಿ ಹುಟ್ಟಿದ ಪಾರ್ಸಿ ವೈದ್ಯ ಎಂಬುದಕ್ಕೆ ಒಂದು ಇಡೀ ಪುಟ ಕೊಟ್ಟಿದ್ದೀರಿ. ಅವನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ, ಅವನ ಕೈಯಲ್ಲೇ ಸತ್ತ ಮೇರಿ ಜೇನ್ ರೋಜರ್ಸನ್‌ಗೆ ‘ಕೆಲಸದಾಕೆ’ ಎಂಬ ಒಂದೇ ಪದ. ಆಕೆಗೆ ಇಪ್ಪತ್ತೇ ವರ್ಷ. ಹೆಸರು ಬರೆಯಿರಿ, ಅವಳಿಗೂ ಜಾಗ ಕೊಡಿ.

ಮರ್ನ್ಸ್ ಅವರ ಮೇಜಿನಿಂದ ಆರಂಭಿಸಿ, ಈಗಿನ ಲೇಖನದ ಅರ್ಧದಷ್ಟು ಉದ್ದದಲ್ಲಿ ಮತ್ತೆ ಬರೆದು ನನ್ನ ಹೆಸರಿಗೇ ಕಳುಹಿಸಿ. ಓದಿ ಉತ್ತರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ