ಸಫಾರಿ ಒಂದ ಬಾಜು ಕುಂತೈತಿ ಅಂದ್ರ ಮೊದ್ಲ ಟಾರ್ಷನ್ ಬಾರ್ ಬೋಲ್ಟ್ ಮುಟ್ಟಬ್ಯಾಡ್ರಿ

ಅಣ್ಣಾರ, ನಿಮ್ಮ ಪೋಸ್ಟ್ ಓದಿ ಸುಮ್ನ ಕುಂದ್ರಾಕ ಆಗ್ಲಿಲ್ರಿ. ಹಳೇ ಡೀಸೆಲ್ ಟಾಟಾ ಸಫಾರಿ ಗಾಡಿ, ಮುಂದ ಕ್ಲೀನರ್ ಸೈಡ್ (ಎಡಕ್ಕ) ಒಂದೂವರಿ ಇಂಚ್ ಕುಂತೈತಿ, ಮಿಸ್ತ್ರಿ ಟಾರ್ಷನ್ ಬಾರ್ (ಮುಂದ ಸ್ಪ್ರಿಂಗಿನ ಕೆಲಸಾ ಮಾಡೂ, ತಿರುವಿಕೊಳ್ಳೂ ಉಕ್ಕಿನ ಸಳಿ) ಬೋಲ್ಟ್ ತಿರುವಿ ಎತ್ತಿ ಕೊಡ್ತೀನಿ ಅಂದಾನ, ಮ್ಯಾಲ ಚಾಸಿ ಬಾಜೂಕಿನ ತುಕ್ಕ ಹಿಡದ ಮೂರ್ ಪೈಪ್ ಬಿಚ್ಚಿ ಇಟ್ಟಾನ, ಯಾವ್ದ ಯಾವುದರ್ದು ಅಂತ ಯಾರಿಗೂ ಗೊತ್ತಿಲ್ಲ. ಇಷ್ಟ ಅಲ್ರೀ? ಆ ಬೋಲ್ಟಿಗೆ ಇವತ್ತ ಪಾನಾ ಹಚ್ಚಬ್ಯಾಡ್ರಿ.

ಮುಧೋಳದಾಗ ನಮ್ಮ ಕಾಕಾರ ಗಾಡಿಗೆ ಹಿಂಗ ಮಾಡಿದ್ರು. ಬೋಲ್ಟ್ ತಿರುವಿದ್ರು, ಗಾಡಿ ಸಮ ನಿಂತ್ತು, ಎಲ್ಲಾರೂ ಖುಷಿ. ಮಳಿಗಾಲ ಮುಗ್ಯೂದ್ರಾಗ ಟೈರ್ ಒಂದ ಬಾಜು ತಿಂದು ದಾರ ಕಾಣಾಕತ್ತು, ಗಾಲಿ ಹಿಡಿಯೂ ಗುಂಡಿನ ಕೀಲು, ಬಾಲ್ ಜಾಯಿಂಟ್, ಹೋತು, ಗಾಡಿ ಮತ್ತ ಕುಂತು. ಮೂಲ ರೋಗ ಮುಂದ ಇರ್ಲೇ ಇಲ್ಲ. ಹಿಂದಿನ ಕಾಯಿಲ್ ಸ್ಪ್ರಿಂಗಿನ ಕೆಳಗಿನ ಸುತ್ತು ತುದಿಗೆ ಮುರದು ಸ್ಪ್ರಿಂಗ್ ಸೀಟಿನಾಗ, ಅಂದ್ರ ಸ್ಪ್ರಿಂಗ್ ಕುಂದ್ರೂ ತಟ್ಟಿಯಾಗ, ಕುಂತಿತ್ತು, ಮ್ಯಾಲ ಎರಿಮಣ್ಣ ಮೆತ್ತಿ ಒಣಗಿ ಕಲ್ಲಾಗಿತ್ತು, ಹೊರಗಿಂದ ನೋಡಿದ್ರ ಸ್ಪ್ರಿಂಗ್ ಸರೀನ ಐತಿ. ಸ್ಕ್ರೂಡ್ರೈವರ್ ತಗೊಂಡು ಕೆದರಿದ ಮ್ಯಾಲ ಬೆರಳುದ್ದ ತುಂಡು ತುಕ್ಕ ಉದುರಿಸ್ಕೊಂತ ಕೈಗೆ ಬಂತು. ಅದಕ್ಕ ಹೇಳೂದು, ಮೊದ್ಲ ಹಿಂದ ತೊಳೀರಿ, ಪ್ರೆಷರ್ ಹಚ್ಚಿ ತೊಳೀರಿ, ಆಮ್ಯಾಲ ಟಾರ್ಚ್ ಹಿಡದು ಎರಡೂ ಬಾಜು ಹೋಲಿಸಿ ನೋಡ್ರಿ. ಸ್ಪ್ರಿಂಗ್ ಮ್ಯಾಲಿನ ರಬ್ಬರ್ ಪ್ಯಾಡ್ ಒಂದ್ಕಡೆ ಇಲ್ದಿದ್ರೂ ಗಾಡಿ ವಾಲ್ತೈತಿ.

ಅಳತಿ ನೆಲದಿಂದ ತಗೋಬ್ಯಾಡ್ರಿ, ಟೈರಿನ ಹವಾದ ಫರಕ್ ಅದ್ರಾಗ ಸೇರ್ತೈತಿ. ಗಾಲಿ ನಡುವಿನಿಂದ ಮಡ್ಗಾರ್ಡ್ ಅಂಚಿಗೆ ತಗೋರಿ. ಗಾಡಿ ಯಾವಾಗರ ಬಡಿಸ್ಕೊಂಡು ಡೆಂಟಿಂಗ್ ಆಗಿದ್ರ ಅದೂ ಸುಳ್ಳ ಹೇಳ್ತೈತಿ, ಚಾಸಿಯಿಂದಾನೂ ಒಂದ ಅಳತಿ ಇರ್ಲಿ. ಜಾಕ್ ಇಳಿಸಿದ ಕೂಡ್ಲೆ ಅಳೀಬ್ಯಾಡ್ರಿ, ಸ್ವಲ್ಪ ಮುಂದ ಹಿಂದ ಓಡಿಸಿ ಕುಂದ್ರಿಸ್ರಿ.

ಈಗ ಮುಂದಿನ ರೋಗೋ ಹಿಂದಿನ ರೋಗೋ ಹೆಂಗ ತಿಳೀಬೇಕು? ಸಮ ಕಾಂಕ್ರೀಟ್ ಮ್ಯಾಲ ನಿಲ್ಲಿಸಿ, ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರಿನ ಗುಂಡ) ನಡುವ ಜಾಕ್ ಕೊಟ್ಟು ಎರಡೂ ಹಿಂದಿನ ಗಾಲಿ ನೆಲ ಬಿಡೂವಷ್ಟ ಎತ್ರಿ. ಆಕ್ಸಲ್ ಜಾಕ್ ಮ್ಯಾಲ ತಿರುಗಾಡ್ತೈತಿ, ಹಿಂಗಾಗಿ ಹಿಂದಿನ ಸ್ಪ್ರಿಂಗ್ ಬಾಡಿ ಹೊಳ್ಳಸಾಕ ಆಗಂಗಿಲ್ಲ. ಈಗ ಮುಂದ ಸಮ ಆತು ಅಂದ್ರ ತಪ್ಪ ಹಿಂದೈತಿ, ಇನ್ನೂ ವಾಲಿದ್ರ ಮುಂದೈತಿ. ಆದ್ರ ಹಿಂದಿನ ಗಾಲಿ ನೆಲ ಬಿಟ್ರ ಹ್ಯಾಂಡ್‌ಬ್ರೇಕೂ ಇಲ್ಲ, ಗೇರೂ ಹಿಡಿಯಂಗಿಲ್ಲ, ನೆನಪಿರ್ಲಿ. ಮುಂದಿನ ಗಾಲಿಗೆ ಎರಡೂ ಕಡೆ ಕಲ್ಲ ಕೊಟ್ಟ ಮಾಡ್ರಿ, ಗಾಡಿ ಕೆಳಗ ತಲಿ ಹಾಕಬ್ಯಾಡ್ರಿ.

ಮುಂದ ಅಂತ ಗೊತ್ತಾದ್ರೂ ಮೊದ್ಲ ಬೂಷ್ ನೋಡ್ರಿ, ಗಾಲಿ ಹಿಡಿಯೂ ತೋಳಿನ ಕೀಲಿನಾಗಿನ ರಬ್ಬರ್ ಅವು. ಹೊಸಾ ಬೂಷ್ ಹಾಕಿ ಗಾಲಿ ಜೋತಾಡೂವಾಗ್ಲೇ ನಟ್ ಫುಲ್ ಟೈಟ್ ಮಾಡ್ತಾರ ನೋಡ್ರಿ, ಅದು ದೊಡ್ಡ ಹುಚ್ಚತನ. ಇಳಿಸಿದ ಮ್ಯಾಲ ರಬ್ಬರ್ ತಿರುವಿಕೊಂಡ ಆ ಬಾಜು ಎತ್ತಿ ಹಿಡೀತೈತಿ, ಕೆಲವು ತಿಂಗಳದಾಗ ಹರೀತೈತಿ. ನಟ್ ಸಡಿಲ ಬಿಟ್ಟು, ಗಾಡಿ ಗಾಲಿ ಮ್ಯಾಲ ನಿಂತಾಗ ಕಡೀ ಟೈಟ್. ಶಾಕಪ್ ಹೊಸಾವ ಹಾಕಿದ್ರ ಸಮ ಆಗ್ತೈತಿ ಅನ್ನಾವ್ರಿಗೆ ಕೈ ಮುಗೀರಿ, ಗೇಬ್ರಿಯಲ್ ಹಾಕ್ರಿ ಮನ್ರೋ ಹಾಕ್ರಿ, ಗಾಡಿ ಹೊತ್ಕೊಳ್ಳೂದು ಸ್ಪ್ರಿಂಗ್, ಶಾಕಪ್ ಅಲ್ಲ.

ಇಷ್ಟ ಎಲ್ಲಾ ಆಗಿ ಬೋಲ್ಟ್ ತಿರುವೂದ ಬಂದ್ರ, ತಿರುವೂಕಿಂತ ಮೊದ್ಲ ಪೇಂಟ್ ಗುರ್ತ ಹಾಕ್ರಿ, ಗಾಡಿ ಜಾಕ್ ಮ್ಯಾಲ ಎತ್ತಿ ಬಾರ್ ಮ್ಯಾಲಿನ ಭಾರ ಇಳಿಸಿ ತಿರುವ್ರಿ. ಬಾರ್ ಬಿಚ್ಚಿದ್ರ ಎಡದ್ದು ಬಲಕ್ಕ ಹಾಕಬಾರ್ದು, ಅದು ಒಂದ ದಿಕ್ಕಿಗೆ ತಿರುವಿ ಪಳಗಿಸಿದ್ದು. ಬೋಲ್ಟ್ ತಿರುವಿದ್ರ ಬಾರಿಗೆ ಬಲ ಬರಂಗಿಲ್ಲ, ಎತ್ತರ ಅಷ್ಟ ಬದಲಾಗ್ತೈತಿ, ಅದಕ್ಕ ಅಲೈನ್ಮೆಂಟ್ ಮತ್ತ ಹೆಡ್‌ಲೈಟ್ ಎರಡೂ ಆಮ್ಯಾಲ ಮಾಡಿಸ್ರಿ.

ಪೈಪಿಂದು. ಬಣ್ಣ ನೋಡಿ ಹೇಳಾಕ ಹೋಗಬ್ಯಾಡ್ರಿ, ತುದಿ ಹಿಡದು ಹೋಗ್ರಿ. ಗಾಲಿ ಕಡೆ ಹೋಗಿ ರಬ್ಬರ್ ಹೋಸಿಗೆ ಕೂಡಿದ ತೆಳ್ಳಂದು ಬ್ರೇಕ್. ಟ್ಯಾಂಕಿಂದ ಫಿಲ್ಟರಿಗೆ ಬರೂದು ಡೀಸೆಲ್ ಫೀಡ್, ಪಂಪ್ ಮತ್ತ ಇಂಜೆಕ್ಟರ್ ಕಡೆಯಿಂದ ಟ್ಯಾಂಕಿಗೆ ಹೋಗೂದು ರಿಟರ್ನ್. ಇವೆರಡು ಅದಲ್ ಬದಲ್ ಆದ್ರ ಟ್ಯಾಂಕ್ ತುಂಬಿದ್ದಾಗ ಗಾಡಿ ಓಡಿದ್ರೂ ಡೀಸೆಲ್ ಇಳದಂಗ ಏರ್ ಹಿಡೀಬೌದು, ಆಮ್ಯಾಲ ಎಲ್ಲಾರೂ ಪಂಪಿಗೆ ಬೈತಾರ. ಸಂಶೇ ಇದ್ರ ಪೈಪಿನಾಗ ಉಳದ ಹನಿ ನೀರಿನ ಗ್ಲಾಸಿಗೆ ಬಿಡ್ರಿ: ಬ್ರೇಕ್ ಆಯಿಲ್ ನೀರಾಗ ಕರಗ್ತೈತಿ, ಡೀಸೆಲ್ ತೇಲ್ತೈತಿ, ಪವರ್ ಸ್ಟೀರಿಂಗಿಂದೂ ತೇಲ್ತೈತಿ, ಸಾಮಾನ್ಯ ಕೆಂಪ ಇರ್ತೈತಿ. ಬ್ರೇಕ್ ಆಯಿಲ್ ಬಾಡಿ ಮ್ಯಾಲ ಬಿದ್ರ ಪೇಂಟ್ ತಿಂತೈತಿ, ಕೂಡ್ಲೆ ನೀರ ಹಾಕ್ರಿ.

ಬೆಳಗಾವಿ ಉದ್ಯಮಬಾಗದಾಗ ಟ್ರ್ಯಾಕ್ಟರ್, ಜೆಸಿಬಿ ಹೈಡ್ರಾಲಿಕ್ ಹೋಸ್ ಮಾಡಿ ಕೊಡ್ತಾರ, ಸ್ಟೀರಿಂಗಿಗೆ ಚಲೋನ, ಆದ್ರ ಬ್ರೇಕಿಗೆ ಬ್ಯಾಡ. ಆ ರಬ್ಬರ್ ಖನಿಜ ಎಣ್ಣಿಗೆ ಮಾಡಿದ್ದು, ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಬಿದ್ರ ಉಬ್ತೈತಿ. ಫ್ರಿಜ್ಜಿನ ತಾಮ್ರದ ಪೈಪೂ ಬ್ಯಾಡ, ನಡುಗಿ ನಡುಗಿ ಸೀಳ್ತೈತಿ. ಡಬಲ್ ಫ್ಲೇರ್ ಹೊಡದ, ಅಂದ್ರ ತುದಿ ಎರಡ ಪದರ ಮಡಚಿ ಅಗಲ ಮಾಡಿದ, ಸ್ಟೀಲ್ ಪೈಪ ಹಾಕ್ರಿ, ಬ್ರೇಕ್ ಆಯಿಲ್ ಬಾಶ್ ಆಗ್ಲಿ ಕ್ಯಾಸ್ಟ್ರಾಲ್ ಆಗ್ಲಿ, ಸೀಲ್ ಒಡೀದ ಡಬ್ಬಿ ಇದ್ರ ಸಾಕು, ಅರ್ಧ ಉಳದ ಡಬ್ಬಿ ನೀರ ಎಳಕೊಂಡಿರ್ತೈತಿ.

ನಾಲ್ಕೂ ಗಾಲಿ ಅಳತಿ, ಡಿಫರೆನ್ಷಿಯಲ್ ಎತ್ತಿದಾಗಿನ ಮುಂದಿನ ಎರಡ ಅಳತಿ, ಟ್ಯಾಂಕಿನಾಗ ಡೀಸೆಲ್ ಎಷ್ಟಿತ್ತು, ಇವಿಷ್ಟು ಬರದ ಹಾಕ್ರಿ, ಸ್ಪ್ರಿಂಗ್ ಸೀಟಿಂದು ತೊಳದ ಮ್ಯಾಲಿನ ಫೋಟೋ ಇರ್ಲಿ. ಬೋಲ್ಟಿನ ಮಾತು ಆಮ್ಯಾಲ ಆಡೂಣು.