ಹೆಣ್ಣುಮಗುವಿಗೆ ಮ್ಯಾಡಿಸನ್ ಅಂತ ಹೆಸರಿಡಬಹುದಾ? ಅದರ ಅರ್ಥ ಏನು?

ಅಮೆರಿಕದಲ್ಲಿರುವ ಅಣ್ಣ ಅತ್ತಿಗೆ ಮಗಳಿಗೆ ಮ್ಯಾಡಿಸನ್ ಅಂತ ಹೆಸರಿಟ್ಟಿದ್ದಾರೆ, ಅರ್ಥ ಹೇಳು ಅಂತ ಅಜ್ಜಿ ದಿನಾ ಕೇಳುತ್ತಾರೆ ಅಂದಿರಿ. ನಮ್ಮ ಮನೆಯಲ್ಲೂ ಇದೇ ಆಗಿತ್ತು. ಅಲ್ಲೇ ಇರುವ ಅಕ್ಕ ಮಗಳಿಗೆ ಟೇಲರ್ ಅಂತ ಇಟ್ಟಾಗ, "ಮಗೂಗೆ ದರ್ಜಿ ಅಂತ ಯಾಕೆ ಇಟ್ರಿ?" ಅಂತ ಅಮ್ಮ ಬೇಜಾರು ಮಾಡಿಕೊಂಡಿದ್ದರು.

ಮ್ಯಾಡಿಸನ್ ಮೂಲದಲ್ಲಿ ಇಂಗ್ಲೆಂಡಿನ ಮನೆತನದ ಹೆಸರು. ಮಾಡ್ ಅನ್ನುವ ಹೆಂಗಸಿನ ಹೆಸರನ್ನು ಮುದ್ದಿಗೆ ಮ್ಯಾಡಿ ಅನ್ನುತ್ತಿದ್ದರು, ಆ ಮ್ಯಾಡಿಯ ಮಗ ಮ್ಯಾಡಿಸನ್. ಮ್ಯಾಥ್ಯೂ ಮಗ ಅನ್ನುವವರೂ ಇದ್ದಾರೆ. ಹೇಗೇ ನೋಡಿದರೂ ಅರ್ಥದಲ್ಲಿ 'ಮಗ' ಇದ್ದೇ ಇದೆ. ಆದರೆ ಈಗ ಅದು ಹುಡುಗಿಯರ ಹೆಸರು, ಅದಕ್ಕೆ ಕಾರಣ ಒಂದು ಸಿನಿಮಾ.

1984ರಲ್ಲಿ ಬಂದ 'ಸ್ಪ್ಲಾಶ್'ನಲ್ಲಿ ಒಬ್ಬ ಮತ್ಸ್ಯಕನ್ಯೆ ನ್ಯೂಯಾರ್ಕಿಗೆ ಬರುತ್ತಾಳೆ, ಅವಳಿಗೊಂದು ಹೆಸರು ಬೇಕು, ಆಗ ನಾಯಕನ ಜೊತೆ ನಡೆಯುತ್ತಿದ್ದ ಮ್ಯಾಡಿಸನ್ ಅವೆನ್ಯೂ ರಸ್ತೆಯ ಹೆಸರನ್ನೇ ಅವಳು ಆರಿಸಿಕೊಳ್ಳುತ್ತಾಳೆ. ಅದು ಹೆಸರೇ ಅಲ್ಲ ಅಂತ ಅವನು ಹೇಳುತ್ತಾನೆ, ಆಮೇಲೆ ಒಪ್ಪಿಕೊಳ್ಳುತ್ತಾನೆ. ಆ ರಸ್ತೆಗೆ ಹೆಸರು ಬಂದದ್ದು ಅಮೆರಿಕದ ನಾಲ್ಕನೇ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಅವರಿಂದ.

ಅಲ್ಲಿಯವರೆಗೆ ಅಮೆರಿಕದಲ್ಲಿ ಹುಡುಗಿಯರಿಗೆ ಹೆಚ್ಚಾಗಿ ಇಡುವ ಮೊದಲ ಸಾವಿರ ಹೆಸರುಗಳಲ್ಲಿ ಇದು ಇರಲೇ ಇಲ್ಲ. ಅಲ್ಲಿನ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಪ್ರತಿ ವರ್ಷ ಹೊರಡಿಸುವ ಮಕ್ಕಳ ಹೆಸರುಗಳ ಪಟ್ಟಿ ನೋಡಿ: 1985ರಲ್ಲಿ ಸಾವಿರದೊಳಗೆ ಬಂತು, 1997ರಲ್ಲಿ ಹತ್ತನೇ ಸ್ಥಾನ, 2001 ಮತ್ತು 2002ರಲ್ಲಿ ಎಮಿಲಿ ಬಿಟ್ಟರೆ ಇದೇ. 2015ರಲ್ಲಿ ಮೊದಲ ಹತ್ತರಿಂದ ಜಾರಿತು. ಆ ವರ್ಷ ಹತ್ತರೊಳಗೆ ಬಂದ ಹಾರ್ಪರ್ ಕೂಡ ಮನೆತನದ ಹೆಸರೇ, ಹಾರ್ಪ್ ಅನ್ನುವ ತಂತಿವಾದ್ಯ ನುಡಿಸುವವರದು. ಹಾಗಾಗಿ ನಿಮ್ಮ ಅಣ್ಣನ ಮಗಳಿಗೆ ತರಗತಿಯಲ್ಲಿ ಅದೇ ಹೆಸರಿನವರು ಮೊದಲಿನಷ್ಟು ಜಾಸ್ತಿ ಸಿಗಲಿಕ್ಕಿಲ್ಲ, ಅದು ಒಳ್ಳೆಯದೇ ಅಲ್ವಾ?

ನಮ್ಮಲ್ಲಿ ಬಡಿಗೇರ, ಕುಂಬಾರ, ಪತ್ತಾರ ಅನ್ನುವ ಅಡ್ಡಹೆಸರುಗಳಿವೆ, ಅವನ್ನು ಮಗುವಿಗೆ ಇಡುವ ರೂಢಿ ಇಲ್ಲ. ಅಲ್ಲಿ ಇದೆ. ಕೇಳುವವರಿಗೆ ಟೇಲರ್ ಅಂದರೆ ದರ್ಜಿ ನೆನಪಾಗುವುದಿಲ್ಲ, ಮ್ಯಾಡಿಸನ್ ಅಂದರೆ ಮಗ ನೆನಪಾಗುವುದಿಲ್ಲ. ನನಗಂತೂ ಮ್ಯಾಡಿಸನ್ ಚೆನ್ನಾಗಿದೆ ಅನಿಸುತ್ತದೆ. ಅದರ ಮೂಲದಲ್ಲಿ ಒಬ್ಬ ತಾಯಿಯ ಹೆಸರಿದೆ ಅನ್ನುವುದು ನನಗೆ ತುಂಬಾ ಇಷ್ಟ. ಅಜ್ಜಿಗೆ ಮೊದಲು ಅದನ್ನೇ ಹೇಳಿ. ನಾಮಕರಣ ಇನ್ನೂ ಆಗಿಲ್ಲದಿದ್ದರೆ, ಅಜ್ಜಿ ತಮಗೆ ಬೇಕಾದ ಹೆಸರನ್ನು ಫೋನಿನಲ್ಲೇ ಮಗುವಿನ ಕಿವಿಗೆ ಹೇಳಲಿ. ನಮ್ಮಮ್ಮ ಹಾಗೇ ಗೌರಿ ಅಂತ ಹೇಳಿದರು, ಮಗು ಎರಡಕ್ಕೂ ಓಗೊಡುತ್ತಾಳೆ.